ಹುಣಸೆಹಣ್ಣು ಬೇಡ, ಭೂತಗನ್ನಡಿ ಇರಲಿ

ಮಾನ್ಯರೇ,

ಆರು ತಿಂಗಳಿಂದ ಹಳೆಯ ನಾಣ್ಯಗಳನ್ನು ಕೂಡಿಡುತ್ತಿರುವ ತಾವು, ವರಹ, ಗದ್ಯಾಣಗಳಂಥ ಚಿನ್ನದ ನಾಣ್ಯಗಳನ್ನು ಕೊಳ್ಳುವಷ್ಟು ಅನುಕೂಲವಿಲ್ಲದೆ ತಾಮ್ರ, ಸೀಸದ ಕಾಸುಗಳಲ್ಲೇ ಉಳಿದಿರುವುದಾಗಿ ಶಿರಸಿಯಿಂದ ಬರೆದಿದ್ದೀರಿ. ಕಿಲುಬು ಹಿಡಿದ ಕಾಸುಗಳನ್ನು ಹುಣಸೆಹಣ್ಣಿನಿಂದ ತಿಕ್ಕಬಹುದೇ, ಚಿನ್ನವಿಲ್ಲದ ಸಂಗ್ರಹಕ್ಕೆ ಬೆಲೆಯುಂಟೇ ಎಂಬುದು ತಮ್ಮ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ: ದಯವಿಟ್ಟು ತಿಕ್ಕಬೇಡಿ. ನಾನು ಹುಡುಗನಾಗಿದ್ದಾಗ, ಅಜ್ಜಿಯ ಡಬ್ಬಿಯಲ್ಲಿದ್ದ ಟಿಪ್ಪುವಿನ ಕಾಲದ ಆನೆಕಾಸೊಂದನ್ನು ಹುಣಸೆಹಣ್ಣು, ಬೂದಿ ಹಾಕಿ ಫಳಫಳ ಹೊಳೆಯುವಂತೆ ಉಜ್ಜಿದ್ದೆ. ಆನೆಯ ಗುರುತು ಉಳಿಯಿತು. ಹಿಂಬದಿಯಲ್ಲಿದ್ದ ಟಂಕಸಾಲೆಯ ಹೆಸರು ಅಳಿಸಿಹೋಯಿತು. ಟಿಪ್ಪು ತನ್ನ ಪೈಸೆಗೆ ಶುಕ್ರಗ್ರಹದ ಹೆಸರಾದ ಜೊಹ್ರಾ ಎಂದೂ, ಅರ್ಧ ಪೈಸೆಗೆ ಮಂಗಳನ ಹೆಸರಾದ ಬಹ್ರಾಮ್ ಎಂದೂ ಕರೆದಿದ್ದನೆಂಬುದನ್ನೂ, ಅವನು ತಂದ ಮೌಲೂದಿ ಎಂಬ ವರ್ಷಗಣನೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬುದನ್ನೂ ತಿಳಿದದ್ದು ಬಹಳ ವರ್ಷಗಳ ಮೇಲೆ. ಆಗ ಓದಲು ನನ್ನ ಕಾಸಿನಲ್ಲಿ ಏನೂ ಉಳಿದಿರಲಿಲ್ಲ. ಆ ನೋವು ಇಂದಿಗೂ ಇದೆ.

ತಾಮ್ರದ ಮೇಲೆ ಗಟ್ಟಿಯಾಗಿ ಕುಳಿತ ಕಂದು ಅಥವಾ ದಟ್ಟ ಹಸಿರು ಪೊರೆ ನಾಣ್ಯದ ಕೊಳೆಯಲ್ಲ, ಅದರ ರಕ್ಷೆ. ಬೆರಳಿಗೆ ಹತ್ತುವ ತಿಳಿಹಸಿರು ಪುಡಿ ಕಂಡರೆ ಮಾತ್ರ ಎಚ್ಚರ ಬೇಕು. ಅಂಥದನ್ನು ಉಳಿದವುಗಳಿಂದ ಬೇರ್ಪಡಿಸಿ, ತೇವ ತಾಗದಂತೆ ಇಡಿ. ಸೀಸದ ಕಾಸುಗಳನ್ನು ಮರದ ಪೆಟ್ಟಿಗೆಯಲ್ಲಿ ಇಡಲೇಬೇಡಿ, ಏಕೆಂದರೆ ಮರದಿಂದ ಹೊಮ್ಮುವ ಆಮ್ಲದ ಆವಿಗೆ ಸೀಸ ಬೆಳ್ಳಗೆ ಪುಡಿಯಾಗುತ್ತದೆ. ಪಿವಿಸಿ ಹಾಳೆಗಳ ಆಲ್ಬಮ್ ಕೂಡ ತಾಮ್ರಕ್ಕೆ ಒಳ್ಳೆಯದಲ್ಲ.

ಇನ್ನು ಬೆಲೆಯ ಮಾತು. ಹೊಯ್ಸಳ ದೊರೆ ವಿಷ್ಣುವರ್ಧನನ ಚಿನ್ನದ ನಾಣ್ಯದ ಮೇಲೆ ‘ಶ್ರೀ ತಳಕಾಡುಗೊಂಡ’ ಎಂಬ ಕನ್ನಡ ಅಕ್ಷರಗಳನ್ನು ಓದುವಾಗ ಮೈ ನವಿರೇಳುವುದು ನಿಜ; ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಅರಸ ಜನರ ಅಂಗೈಗೇ ತಲುಪಿಸಿದ್ದ. ಆದರೆ ತಮ್ಮ ಜಿಲ್ಲೆಯ ಮಟ್ಟಿಗೆ ಅದಕ್ಕಿಂತ ಎಷ್ಟೋ ಹಿಂದಿನ ಸಾಕ್ಷಿ ಸೀಸದಲ್ಲೇ ಇದೆ. ಬನವಾಸಿಯಲ್ಲಿ ಕದಂಬರಿಗಿಂತ ಮೊದಲು ಆಳಿದ ಚುಟು ವಂಶದ ಅರಸರ ಕಾಲದ, ಕಾರವಾರದ ಕಡೆ ಸಿಕ್ಕಿರುವ ದಪ್ಪನೆಯ ಸೀಸದ ನಾಣ್ಯಗಳಲ್ಲಿ ಒಂದು ಬದಿಗೆ ಕಮಾನುಗಳನ್ನು ಪೇರಿಸಿದಂಥ ಬೆಟ್ಟ, ಇನ್ನೊಂದು ಬದಿಗೆ ಕಟಾಂಜನದೊಳಗಿನ ಮರ. ಅಂಚಿನ ಸುತ್ತ ಬ್ರಾಹ್ಮೀ ಲಿಪಿಯಲ್ಲಿ, ಪ್ರಾಕೃತದಲ್ಲಿ, ‘ರಞೋ ಮುಳಾನಂದಸ’, ಅಂದರೆ ರಾಜ ಮುಳಾನಂದನದು ಎಂದಿದೆ. ಕನ್ನಡ ನಾಡಿನ ಸಂತೆಯಲ್ಲಿ ಓಡಾಡಿದ ಹಣದ ಮೇಲೆ ಆಗ ಪ್ರಾಕೃತವಿತ್ತು ಎಂಬುದನ್ನು ಆ ಕಾಸು ತಾನೇ ಹೇಳುತ್ತದೆ. ಚಿನ್ನಕ್ಕೆ ಆಸೆಪಟ್ಟು ಇದನ್ನು ಕಡೆಗಣಿಸಬೇಡಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಕಾಸು ಎಲ್ಲಿ ಸಿಕ್ಕಿತೆಂಬುದು ಕಾಸಿನಷ್ಟೇ ಮುಖ್ಯ. ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ 1947ರಲ್ಲಿ ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ನಡೆಸಿದ ಉತ್ಖನನದಲ್ಲಿ ರೋಮ್ ಚಕ್ರವರ್ತಿ ಟಿಬೇರಿಯಸನ ಬೆಳ್ಳಿ ನಾಣ್ಯ ದೊರೆಯಿತು. ಅದೇ ನಾಣ್ಯ ಅಂಗಡಿಯ ಗಾಜಿನ ಕಪಾಟಿನಲ್ಲಿ ಸಿಕ್ಕಿದ್ದರೆ ಬರಿಯ ಬೆಳ್ಳಿ. ಆ ಮಣ್ಣಿನ ಪದರದಲ್ಲಿ ಸಿಕ್ಕಿದ್ದರಿಂದ ಅದರ ಜೊತೆಗಿದ್ದ ಮಡಕೆಗಳ ಕಾಲವನ್ನು ಅಳೆಯಲು ನೆರವಾಯಿತು. ಆದ್ದರಿಂದ ಹೊಲ ಅಗೆದು ತಂದದ್ದೆಂದು ಯಾರಾದರೂ ಕಾಸು ಮಾರಲು ಬಂದರೆ ಕೊಳ್ಳಬೇಡಿ. ನೆಲದಲ್ಲಿ ಸಿಕ್ಕ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಬೇಕೆಂದು ನಿಧಿ ಕಾಯ್ದೆಯೇ ಹೇಳುತ್ತದೆ.

ತಾವು ಚಿತ್ರ ಕಳಿಸಿರುವ ಸೀಸದ ಕಾಸಿನ ಅಂಚಿನಲ್ಲಿ ಮೂರು ಅಕ್ಷರಗಳ ನೆರಳು ಕಾಣುತ್ತಿದೆ. ಅದನ್ನು ತೊಳೆಯದೆ, ಬೆಳಗಿನ ಓರೆಬಿಸಿಲಿನಲ್ಲಿ ಇಟ್ಟು ಎರಡೂ ಬದಿಯ ಚಿತ್ರ ತೆಗೆಯಿರಿ. ತೂಕ, ಅಗಲ, ಯಾರಿಂದ ಬಂತೆಂಬ ವಿವರಗಳೊಡನೆ ಮತ್ತೆ ಬರೆಯಿರಿ. ಓದಲು ಕಾದಿದ್ದೇನೆ.

— ಸಂಪಾದಕ