ವಿಡಿಯೊ ಹಾಕಿದ ಮೇಲೆ ಪುಟ ತೆವಳುತ್ತಿದೆಯಾ? ಸರ್ವರ್ ಬದಲಿಸಬೇಡಿ

ಪ್ರಶ್ನೆ: ಇಳಕಲ್‌ನಲ್ಲಿ ನಮ್ಮದು ಸೀರೆ ಅಂಗಡಿ. ಮಗ್ಗದಲ್ಲಿ ಸೆರಗು ನೇಯುವ ಎಂಟು ಯೂಟ್ಯೂಬ್ ವಿಡಿಯೊ ಮುಖಪುಟಕ್ಕೆ ಹಾಕಿದ್ದೇವೆ. ಫೋನಿನಲ್ಲಿ ಪುಟ ತೆರೆಯೋದೇ ಇಲ್ಲ ಅಂತ ಗಿರಾಕಿಗಳ ದೂರು. ವೆಬ್‌ಸೈಟ್ ಮಾಡಿಕೊಟ್ಟವರು ದೊಡ್ಡ ಸರ್ವರ್ ತಗೊಳ್ಳಿ ಅಂತಾರೆ. ತಗೋಬೇಕೇನ್ರೀ?

ಉತ್ತರ: ಬೇಡ್ರೀ. ಇದೇ ಪ್ರಶ್ನೆ ತಿಂಗಳು ತಿಂಗಳು ಬರುತ್ತದೆ, ಪ್ರತಿ ಸಲ ಯಾರೋ ಒಬ್ಬರು ಸುಮ್ನೆ ದುಡ್ಡು ಕಳೆದುಕೊಳ್ಳುವುದರಲ್ಲಿರುತ್ತಾರೆ. ವಿಡಿಯೊ ಇರುವುದು ಯೂಟ್ಯೂಬ್‌ನಲ್ಲಿ, ನಿಮ್ಮ ಸರ್ವರ್ ದೊಡ್ಡದಾದರೆ ಅದು ಬೇಗ ಹೇಗೆ ಬರುತ್ತದೆ? ವಿಡಿಯೊವನ್ನು ನಿಮ್ಮ ಪುಟದಲ್ಲಿ ತೋರಿಸಲು ಯೂಟ್ಯೂಬ್ ಕೊಡುವ ಎಂಬೆಡ್ ಕೋಡ್ ಹಾಗೇ ಅಂಟಿಸಿದರೆ ಯಾರೂ ಪ್ಲೇ ಒತ್ತದಿದ್ದರೂ ಇಡೀ ಪ್ಲೇಯರ್ ಇಳಿಯುತ್ತದೆ, ಅದೇ ನೂರಾರು ಕೆಬಿ ಜಾವಾಸ್ಕ್ರಿಪ್ಟ್, ಅಂದರೆ ಫೋನಿನ ಬ್ರೌಸರ್ ಓಡಿಸಬೇಕಾದ ಪ್ರೋಗ್ರಾಂ. ಎರಡನೇ ವಿಡಿಯೊಗೆ ಅದು ಮತ್ತೆ ಇಳಿಯಲಿಕ್ಕಿಲ್ಲ, ಆದರೆ ಎಂಟು ಪ್ಲೇಯರ್ ಇದ್ದರೆ ಫೋನು ಎಂಟು ಸಲ ಅದನ್ನು ಓಡಿಸಲೇಬೇಕು. ಕಡಿಮೆ ಬೆಲೆಯ ಫೋನು ಅಲ್ಲೇ ಸುಸ್ತು.

ಆ ಕೋಡಿನ ಐಫ್ರೇಮ್, ಅಂದರೆ ಪ್ಲೇಯರ್ ಕೂರುವ ಚೌಕಟ್ಟು, ತೆಗೆಸಿ. ಅಲ್ಲಿ ವಿಡಿಯೊದ ಚಿತ್ರ, ಮೇಲೊಂದು ಪ್ಲೇ ಬಟನ್, ಅಷ್ಟೇ. ಒತ್ತಿದಾಗ ಮಾತ್ರ ನಿಜವಾದ ಪ್ಲೇಯರ್ ಬರಲಿ. ವೆಬ್ ಡೆವಲಪರ್ ಪಾಲ್ ಐರಿಶ್ ಬರೆದ 'ಲೈಟ್ ಯೂಟ್ಯೂಬ್ ಎಂಬೆಡ್' ಅನ್ನುವ ಕೋಡ್ ಇದನ್ನೇ ಮಾಡುತ್ತದೆ, ಪುಕ್ಕಟೆ ಸಿಗುತ್ತದೆ. ಚಿತ್ರ 480×360 ಅಳತೆಯದ್ದು ಸಾಕು. ಅದರ ಮೇಲ್ಗಡೆಯೂ ಕೆಳಗಡೆಯೂ ಕಪ್ಪು ಪಟ್ಟಿ ಬರುತ್ತದೆ, ಪುಟದ ಅಂದ ನಿರ್ಧರಿಸುವ ಸಿಎಸ್‌ಎಸ್ ಕೋಡ್‌ನಲ್ಲಿ ಮರೆಮಾಡಿಸಿ. ವಿಡಿಯೊದ ಅಗಲ-ಎತ್ತರಕ್ಕೆ ತಕ್ಕ 16:9 ಜಾಗ ಮೊದಲೇ ಕಾಯ್ದಿರಿಸದಿದ್ದರೆ ಚಿತ್ರ ಬಂದಾಗ ಪುಟ ಕೆಳಗೆ ಜಿಗಿಯುತ್ತದೆ, ಗಿರಾಕಿ ಒತ್ತಲು ಹೋದ ಬಟನ್ ಬೆರಳಡಿಯಿಂದ ಜಾರುತ್ತದೆ. ಹೀಗೆ ಮಾಡಿದರೆ ಕೆಲವು ಫೋನಿನಲ್ಲಿ ವಿಡಿಯೊ ಶುರುವಾಗಲು ಎರಡು ಸಲ ಒತ್ತಬೇಕಾಗಬಹುದು. ಪುಟವೇ ತೆರೆಯದಿರುವುದಕ್ಕಿಂತ ಅದು ವಾಸಿ ಅಲ್ವಾ?

ಲೇಜಿ ಲೋಡಿಂಗ್, ಅಂದರೆ ಆ ಜಾಗದ ಹತ್ತಿರ ಸ್ಕ್ರೋಲ್ ಮಾಡಿದಾಗ ಮಾತ್ರ ಪ್ಲೇಯರ್ ಇಳಿಸುವುದು, ಸಾಕಲ್ಲ ಅಂತ ಕೇಳುವವರೂ ಇದ್ದಾರೆ. ಪುಟದ ತಳದಲ್ಲಿ ಒಂದೇ ವಿಡಿಯೊ ಇದ್ದರೆ ಸಾಕು. ತೆರೆದ ಕೂಡಲೇ ಕಣ್ಣಿಗೆ ಬೀಳುವ ವಿಡಿಯೊಗೆ ಅದರಿಂದ ಏನೂ ಪ್ರಯೋಜನವಿಲ್ಲ.

ಆಮೇಲೆ ಅಂಗಡಿಯ ವೈಫೈನಲ್ಲಿ ನೋಡಿ ಸರಿಯಾಯ್ತು ಅನ್ನಬೇಡಿ. ಕ್ರೋಮ್ ಬ್ರೌಸರ್‌ನ ಪರೀಕ್ಷಾ ಸಲಕರಣೆ ಡೆವ್‌ಟೂಲ್ಸ್‌ನಲ್ಲಿ, ನಿಧಾನ ನೆಟ್‌ನಂತೆ ತೋರಿಸುವ 'ಸ್ಲೋ 4ಜಿ' ಹಾಕಿ ನೋಡಿ. ಒಂದು ಪ್ಲಗಿನ್ ಹಾಕಿ ವೇಗದ ಪರೀಕ್ಷೆಯಲ್ಲಿ 100ಕ್ಕೆ 100 ಸ್ಕೋರ್ ಕೊಡಿಸ್ತೀವಿ ಅನ್ನುವವರನ್ನು ಬಾಗಿಲಲ್ಲೇ ಕಳಿಸಿಬಿಡಿ.

ಪ್ರಶ್ನೆ: ಒಣದ್ರಾಕ್ಷಿ ವ್ಯಾಪಾರದ ವಿಡಿಯೊ ನಮ್ಮ ಹೋಸ್ಟಿಂಗ್‌ಗೇ ಎಂಪಿ4 ಹಾಕಬಹುದಾ? (ವಿಜಯಪುರ)

ಉತ್ತರ: ಬೇಡ. ನೆಟ್ ನಿಧಾನವಾದರೆ ಯೂಟ್ಯೂಬ್ ತಾನೇ ಕ್ವಾಲಿಟಿ ಇಳಿಸುತ್ತದೆ, ನಿಮ್ಮ ಎಂಪಿ4 ನಿಂತೇಬಿಡುತ್ತದೆ.

ಪ್ರಶ್ನೆ: ಎಂಬೆಡ್ ಕೋಡ್‌ನಲ್ಲಿ ಯೂಟ್ಯೂಬ್‌ನ ನೋಕುಕಿ ವಿಳಾಸ (youtube-nocookie.com) ಹಾಕಿದರೆ ವೇಗ ಹೆಚ್ಚುತ್ತದಾ? (ಬಾಗಲಕೋಟೆ)

ಉತ್ತರ: ಇಲ್ಲ. ಅದು ಖಾಸಗಿತನಕ್ಕೆ, ಪ್ಲೇಯರ್ ಅದೇ.

ಪ್ರಶ್ನೆ: ಕುಂದಾ ಅಂಗಡಿಯ ಪುಟ ತೆರೆದ ಕೂಡಲೇ ವಿಡಿಯೊ ಸದ್ದಿನೊಂದಿಗೆ ಶುರುವಾಗಬೇಕು. (ಬೆಳಗಾವಿ)

ಉತ್ತರ: ಬ್ರೌಸರ್‌ಗಳೇ ಅದನ್ನು ತಡೆಯುತ್ತವೆ, ತಡೆಯಲೂಬೇಕು.