ರೀಫಂಡ್‌ಗೆ ಆಧಾರ್ ಫೋಟೋ ಕೇಳಿದರೆ?

ಸಿಂಧನೂರಿಗೆ ತರಿಸಿದ ಸೀರೆ ವಾಪಸ್ ಮಾಡಿದ್ದೀರಿ, ರೀಫಂಡ್‌ಗೆ ಆಧಾರ್, ಪ್ಯಾನ್ ಫೋಟೋ ವಾಟ್ಸಾಪ್ ಮಾಡಿ ಅಂತಿದ್ದಾರೆ, ಕಳಿಸಲಾ ಅಂತ ಕೇಳಿದ್ದೀರಿ. ಬೇಡ ರೀ. ಸಾಮಾನ್ಯವಾಗಿ ದುಡ್ಡು ಕೊಟ್ಟ ದಾರಿಯಲ್ಲೇ ವಾಪಸ್ ಬರುತ್ತದೆ, ಅದಕ್ಕೆ ಆಧಾರ್ ಯಾಕೆ? ಪಿನ್ ಒತ್ತಿ ಅಂದರಂತೂ ಮೋಸವೇ. ದುಡ್ಡು ಬರುವುದಕ್ಕೆ ಯುಪಿಐ ಪಿನ್ ಬೇಕಾಗುವುದೇ ಇಲ್ಲ.

ನಾನೂ ಒಮ್ಮೆ ರಾಯಚೂರಿನ ಝೆರಾಕ್ಸ್ ಅಂಗಡಿಯವರ ವಾಟ್ಸಾಪ್‌ಗೆ ಆಧಾರ್ ಕಳಿಸಿ, ಡಿಲೀಟ್ ಮಾಡಿಸದೆ ಸುಮ್ನೆ ಬಂದವನೇ! ಈಗ ಆಧಾರ್ ಕೊಡುವ ಸಂಸ್ಥೆ ಯುಐಡಿಎಐ ಸೈಟಿನಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಂಡಿದ್ದೇನೆ. ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತವೆ.

ಅಕಸ್ಮಾತ್ ಆಗಲೇ ಕಳಿಸಿದ್ದರೆ, ನಿಮ್ಮ ಹೆಸರಲ್ಲಿ ಎಷ್ಟು ಸಿಮ್ ಇವೆ ಅಂತ ಸರ್ಕಾರದ ಸಂಚಾರ್ ಸಾಥಿ ಸೈಟಿನಲ್ಲಿ ನೋಡಿ. ಗೊತ್ತಿಲ್ಲದ ನಂಬರ್ ಇದ್ದರೆ ಅಲ್ಲೇ ದೂರು ಕೊಡಬಹುದು. ದುಡ್ಡೇ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.