ಮೊದಲು ಸಾರಿನ ನೀರಿನ ಬಗ್ಗೆ ಕೇಳಿ

ಪ್ರಶ್ನೆ: ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಕೊರಿಯಾ ಮತ್ತು ಜಪಾನಿನ ತಿನಿಸುಗಳ ಚಿಕ್ಕ ಹೋಟೆಲೊಂದು ಶುರುವಾಗಿದೆ. ಕೊರಿಯನ್ ಧಾರಾವಾಹಿಗಳನ್ನು ನೋಡುವ ಮಗಳು ಅಲ್ಲಿಗೆ ಹೋಗೋಣವೆಂದು ಎರಡು ತಿಂಗಳಿನಿಂದ ಹೇಳುತ್ತಿದ್ದಾಳೆ. ನಾವು ಮೂವರು ಹೊರಗೆ ಮೊಟ್ಟೆ, ಕೋಳಿ ತಿನ್ನುತ್ತೇವೆ. ಅತ್ತೆಯವರು ಮಾತ್ರ ಮೊಟ್ಟೆಯನ್ನೂ ಮುಟ್ಟುವವರಲ್ಲ. ಅವರೊಬ್ಬರನ್ನೇ ಮನೆಯಲ್ಲಿ ಬಿಟ್ಟು ಹೋಗಲು ಮನಸ್ಸಿಲ್ಲ. ಬೆಲೆ ಕೈಗೆಟುಕುವಂತಿದೆ, ಆದರೆ ಪಟ್ಟಿಯಲ್ಲಿರುವ ಹೆಸರುಗಳೇ ಅರ್ಥವಾಗುವುದಿಲ್ಲ. ಏನನ್ನು ತರಿಸಬೇಕು, ಏನನ್ನು ಬಿಡಬೇಕು?
– ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಖಂಡಿತ ಹೋಗಿ, ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಯೋಗ ಕಲಿಯಲು ಹೊರದೇಶದವರು ಗೋಕುಲಂಗೆ ಬಂದು ತಿಂಗಳುಗಟ್ಟಲೆ ಉಳಿಯುವ ಊರು ನಮ್ಮದು. ಬೈಲುಕುಪ್ಪೆಯ ಟಿಬೆಟಿಯನ್ನರಿಂದ ಮೊಮೊ, ತುಕ್ಪಾಗಳನ್ನು ತಿನ್ನಲು ಕಲಿತವರೂ ನಾವೇ. ಹೊಸ ರುಚಿಗೆ ಮೈಸೂರಿನವರು ಅಂಜಬೇಕಾದ ಕಾರಣವಿಲ್ಲ. ಆದರೆ ನಿಮ್ಮ ಮನೆಯ ಮಟ್ಟಿಗೆ ಒಂದು ವಿಷಯವನ್ನು ಮೊದಲೇ ತಿಳಿದುಕೊಂಡು ಹೋಗುವುದು ಅಗತ್ಯ.

ಈ ಎರಡೂ ದೇಶಗಳ ಅಡುಗೆಯಲ್ಲಿ ಮೀನು ಹೆಚ್ಚಾಗಿ ತಟ್ಟೆಯಲ್ಲಿ ಕಾಣುವ ಹೋಳಾಗಿ ಅಲ್ಲ, ಕಣ್ಣಿಗೆ ಬೀಳದ ನೀರಾಗಿ ಬರುತ್ತದೆ. ಹುದುಗಿಸಿದ ಸೋಯಾ ಹಿಟ್ಟು ಕದಡಿ ಮಾಡುವ ಜಪಾನಿನ ಮಿಸೊ ಸೂಪಿನ ತಳಹದಿಯಾದ 'ದಾಶಿ' ಎಂಬ ಸಾರನ್ನು ಸಾಮಾನ್ಯವಾಗಿ ಕೊಂಬು ಎಂಬ ಕಡಲಕಳೆಯಿಂದಲೂ, ಹೊಗೆಯಾಡಿಸಿ ಮರದಂತೆ ಗಟ್ಟಿಯಾಗುವವರೆಗೆ ಒಣಗಿಸಿದ ಟ್ಯೂನಾ ಜಾತಿಯ ಮೀನಿನ ಹೆರಕಲಿನಿಂದಲೂ ತೆಗೆಯುತ್ತಾರೆ. ಕೊರಿಯಾದಲ್ಲಿ ಆ ಜಾಗದಲ್ಲಿ ಒಣಗಿದ ಸಣ್ಣ ಮೀನು ಇರುತ್ತದೆ. ನಮ್ಮ ಊರಿನ ಒಂದು ಹೋಟೆಲಿನಲ್ಲಿ ನಾನು "ಇದು ವೆಜ್ ತಾನೇ?" ಎಂದು ಕೇಳಿದಾಗ ಬಡಿಸುವ ಹುಡುಗ ಹೌದೆಂದ. ಬಟ್ಟಲಿನಲ್ಲಿ ತೇಲುತ್ತಿದ್ದುದು ಟೋಫು (ಸೋಯಾ ಹಾಲಿನ ಪನೀರ್) ಮತ್ತು ಈರುಳ್ಳಿ ಹೂವಿನ ಎಲೆ ಮಾತ್ರ. ಜೊತೆಗೆ ಬಂದಿದ್ದ ಸಸ್ಯಾಹಾರಿ ಸ್ನೇಹಿತರು ಅರ್ಧ ಕುಡಿದ ಮೇಲೆ, ಸಾರು ಮೀನಿನದೆಂದು ಅಡುಗೆಯವರಿಂದ ತಿಳಿಯಿತು. ಹುಡುಗ ಸುಳ್ಳು ಹೇಳಿರಲಿಲ್ಲ, ತೇಲುವುದನ್ನು ನೋಡಿ ಉತ್ತರಿಸಿದ್ದ. ನಾನು ಕೇಳಿದ ಪ್ರಶ್ನೆಯೇ ತಪ್ಪಾಗಿತ್ತು, ಆ ಸ್ನೇಹಿತರ ಮುಖ ಇಂದಿಗೂ ನೆನಪಿದೆ. ಆದ್ದರಿಂದ ನೀವು "ಸಾರಿನ ನೀರನ್ನು ಯಾವುದರಿಂದ ತೆಗೆದಿದ್ದೀರಿ?" ಎಂದೇ ಅಡುಗೆಯವರಿಗೆ ಕೇಳಿ. ಬರೀ ಕೊಂಬುವಿನಿಂದ ತೆಗೆದ ಸಾರೂ ಉಂಟು, ಅದರ ರುಚಿಗೆ ಏನೂ ಕೊರತೆಯಿಲ್ಲ. 1908ರಲ್ಲಿ ಕಿಕುನಾಯೆ ಇಕೆಡಾ ಎಂಬ ಜಪಾನಿನ ರಸಾಯನ ವಿಜ್ಞಾನಿ 'ಉಮಾಮಿ' ಎಂದು ಹೆಸರಿಟ್ಟ, ಸಿಹಿ, ಹುಳಿ, ಉಪ್ಪು, ಕಹಿಗಳಿಗಿಂತ ಬೇರೆಯಾದ ರುಚಿಯನ್ನು ಬೇರ್ಪಡಿಸಿದ್ದು ಆ ಕಡಲಕಳೆಯಿಂದಲೇ.

ಕಿಮ್ಚಿಗೂ ಇದೇ ಮಾತು. ನಮ್ಮ ಕಡೆ ಬೇಸಿಗೆಯಲ್ಲಿ ಓಣಿಯ ಹೆಂಗಸರು ಸೇರಿ ಹಪ್ಪಳ, ಸಂಡಿಗೆ ಇಡುವಂತೆ, ಕೊರಿಯಾದಲ್ಲಿ ಚಳಿಗಾಲಕ್ಕೆ ಮುನ್ನ ನೆರೆಹೊರೆಯವರು ಒಟ್ಟಾಗಿ ಎಲೆಕೋಸಿಗೆ ಉಪ್ಪು, ಒಣಮೆಣಸಿನ ಪುಡಿ, ಬೆಳ್ಳುಳ್ಳಿ, ಶುಂಠಿ ಹಚ್ಚಿ ಹುಳಿ ಬರಲು ಇಡುತ್ತಾರೆ. ಈ ಕೂಡು ಕೆಲಸವನ್ನು 2013ರಲ್ಲಿ ಯುನೆಸ್ಕೊ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಕಿಮ್ಚಿಯೊಳಗೆ ಉಪ್ಪಿನಲ್ಲಿಟ್ಟ ಸಿಗಡಿ ಅಥವಾ ಸಣ್ಣ ಮೀನು ಸೇರುವುದು ಅಲ್ಲಿನ ವಾಡಿಕೆ. ಇಲ್ಲಿ ಮೀನಿಲ್ಲದೆ ಮಾಡುವವರೂ ಇದ್ದಾರೆ, ಕೇಳಿ ತಿಳಿದುಕೊಳ್ಳಿ.

ಅತ್ತೆಯವರಿಗೆ ನಾನು ಧೈರ್ಯವಾಗಿ ಹೇಳುವ ತಿನಿಸು ಬಿಬಿಂಬಾಪ್. 'ಬಾಪ್' ಎಂದರೆ ಅನ್ನ, 'ಬಿಬಿಮ್' ಎಂದರೆ ಕಲಸುವುದು. ಕಲಸಿದ ಅನ್ನವನ್ನು ಬಿಸಿಬೇಳೆಬಾತಿನ ನಾಡಿನವರಿಗೆ ವಿವರಿಸಬೇಕಾಗಿಲ್ಲ. ಮಾಂಸ, ಮೊಟ್ಟೆ ಎರಡೂ ಬೇಡವೆಂದು ಸ್ಪಷ್ಟವಾಗಿ ಹೇಳಿ, ಏಕೆಂದರೆ ಮೂಲದಲ್ಲಿ ಮೇಲೊಂದು ಮೊಟ್ಟೆಯೂ ಹಲವೆಡೆ ದನದ ಮಾಂಸದ ಚೂರುಗಳೂ ಇರುತ್ತವೆ. ಕಲ್ಲಿನ ಬಟ್ಟಲಿನಲ್ಲಿ ಕೊಡುವುದಾದರೆ ಅದನ್ನೇ ತರಿಸಿ. ಕಾದ ಬಟ್ಟಲು ಮೇಜಿಗೆ ಬಂದಾಗ ಅಂಚಿನಲ್ಲಿ ಚುರ್ರೆನ್ನುವ ಸದ್ದು ಕೇಳುತ್ತದೆ. ಕ್ಯಾರೆಟ್, ಪಾಲಕ್, ಮೊಳಕೆ, ಅಣಬೆಗಳು ಬೇರೆ ಬೇರೆ ಗುಪ್ಪೆಯಾಗಿ ಅನ್ನದ ಮೇಲೆ ಕುಳಿತಿರುತ್ತವೆ. ಕೂಡಲೇ ಕಲಸದೆ ಎರಡು ನಿಮಿಷ ಬಿಡಿ. ತಳದ ಅನ್ನ ಕೆಂಪಗೆ ಹಿಡಿದು, ಪಾತ್ರೆಯ ತಳದಿಂದ ಕೆರೆದು ನಾವು ಚಿಕ್ಕಂದಿನಲ್ಲಿ ಜಗಳವಾಡಿ ತಿನ್ನುತ್ತಿದ್ದ ಸೀದ ಅನ್ನದಂತೆ ಗರಿಗರಿಯಾಗುತ್ತದೆ. ಗೊಚುಜಾಂಗ್ ಎಂಬ ಕೆಂಪು ಕಾರವನ್ನು ಮೊದಲು ಅರ್ಧ ಚಮಚ ಮಾತ್ರ ಹಾಕಿಕೊಳ್ಳಿ. ಮೆಣಸಿನಕಾಯಿ, ಅಂಟಕ್ಕಿ, ಹುದುಗಿಸಿದ ಸೋಯಾದ ಈ ಮಿಶ್ರಣದಲ್ಲಿ ಖಾರಕ್ಕಿಂತ ಸಿಹಿ ಮುಂದೆ ಬರುತ್ತದೆ. ಅನ್ನ ಅಂಟಂಟಾಗಿದ್ದರೆ ಬೆಂದದ್ದು ಹೆಚ್ಚಾಯಿತೆಂದು ತಿಳಿಯಬೇಡಿ, ಆ ಅಕ್ಕಿಯ ಗುಣವೇ ಹಾಗೆ.

ಮಗಳು ಸುಶಿ ಕೇಳಿದರೆ ಗಾಬರಿಯಾಗಬೇಡಿ. ಸುಶಿ ಎಂದರೆ ಹಸಿ ಮೀನಲ್ಲ, ವಿನೆಗರ್ ಬೆರೆಸಿದ ಅನ್ನ. ಸೌತೆಕಾಯಿ ಇಟ್ಟು ಸುತ್ತಿದ ಕಪ್ಪಾ ಮಾಕಿ ಎಲ್ಲರಿಗೂ ಒಪ್ಪುತ್ತದೆ. ಬರೀ ಹಸಿ ಮೀನಿನ ಹೋಳುಗಳನ್ನು ಸಾಶಿಮಿ ಎನ್ನುತ್ತಾರೆ. ಸಮುದ್ರದಿಂದ ದೂರವಿರುವ ಊರಿನಲ್ಲಿ, ಕಡಿಮೆ ಬೆಲೆಗೆ ಸಿಗುವ ಹಸಿ ಮೀನನ್ನು ನಾನಂತೂ ತಿನ್ನುವುದಿಲ್ಲ, ನಿಮಗೂ ಬೇಡವೆನ್ನುತ್ತೇನೆ. ಹಾಗೆ ತಿನ್ನುವ ಮೀನನ್ನು ಹುಳುಗಳು ಸಾಯುವಂತೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕೆಂಬ ಕ್ರಮವಿದೆ, ಅದಕ್ಕೆ ತಗಲುವ ಖರ್ಚು ಅಗ್ಗದ ದರದಲ್ಲಿ ಹುಟ್ಟುವುದು ಕಷ್ಟ. ಚಿಕ್ಕ ಹೋಟೆಲಿನ ನಿಜವಾದ ಲಾಭವಿರುವುದು ಅನ್ನ, ತರಕಾರಿ, ಟೋಫು, ಮೊಟ್ಟೆ, ಕೋಳಿಯ ತಿನಿಸುಗಳಲ್ಲಿ. ನಾಲ್ವರಿಗೆ ಮೂರು ಬಗೆ ತರಿಸಿ ಹಂಚಿಕೊಂಡರೆ ಮೊದಲ ಸಲಕ್ಕೆ ಸಾಕು. ಅತ್ತೆಯವರಿಗೆ ರಕ್ತದೊತ್ತಡವಿದ್ದರೆ ಸೋಯಾ ಸಾಸನ್ನು ಸುರಿದುಕೊಳ್ಳದೆ ಅದ್ದಿಕೊಳ್ಳಲಿ, ಅದರಲ್ಲಿ ಉಪ್ಪು ಬಹಳ.

ಅವರು ಬೆಳ್ಳುಳ್ಳಿಯನ್ನೂ ಬಿಡುವವರಾದರೆ ಅದನ್ನೂ ಸಂಕೋಚವಿಲ್ಲದೆ ಹೇಳಿ. ಕೊರಿಯಾದ ಬೌದ್ಧ ಮಠಗಳ ಅಡುಗೆಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಎರಡೂ ನಿಷಿದ್ಧ. ಆ ಅಡುಗೆ ಬಲ್ಲವರಿಗೆ ನಿಮ್ಮ ಕೋರಿಕೆ ವಿಚಿತ್ರವೆನಿಸದು.

ಪ್ರಶ್ನೆ: ಸ್ನೇಹಿತರು ಇಂಥ ಹೋಟೆಲಿಗೆ ಕರೆಯುತ್ತಿದ್ದಾರೆ. ಕಡ್ಡಿಯಲ್ಲಿ ತಿನ್ನಲು ನನಗೆ ಬರುವುದಿಲ್ಲ. ಕೈಯಲ್ಲಿ ತಿಂದರೆ ಮರ್ಯಾದೆಗೆಡುತ್ತದೆಯೇ?
– ಬಿ.ಕಾಂ. ವಿದ್ಯಾರ್ಥಿ, ಮಂಡ್ಯ

ಉತ್ತರ: ಇಲ್ಲ. ಸುಶಿಯನ್ನು ಜಪಾನಿನಲ್ಲಿಯೇ ಕೈಯಲ್ಲಿ ತಿನ್ನುವುದುಂಟು, ಕೊರಿಯಾದವರು ಅನ್ನವನ್ನು ಉಣ್ಣುವುದೇ ಚಮಚದಲ್ಲಿ. ನೂಡಲ್ಸಿಗೆ ಫೋರ್ಕ್ ಕೇಳಿದರೆ ಕೊಡುತ್ತಾರೆ. ಕಡ್ಡಿ ಹಿಡಿದು ನೋಡುವ ಆಸೆಯಾದರೆ ಖಂಡಿತ ಪ್ರಯತ್ನಿಸಿ, ಆದರೆ ಅವನ್ನು ಅನ್ನದ ಮೇಲೆ ನೆಟ್ಟಗೆ ಚುಚ್ಚಿ ಇಡಬೇಡಿ. ಜಪಾನಿನಲ್ಲಿ ಹಾಗೆ ಇಡುವುದು ತೀರಿಕೊಂಡವರ ಮುಂದಿನ ಎಡೆಗೆ ಮಾತ್ರ.